ಎದುರು ಮನೆಯವರು ಏನು ಒಯ್ಯುತ್ತಾರೆ

ಅನುಮಾನ ಪಡುವುದು ನನ್ನ ಕಸುಬಿನ ಅರ್ಧ ಭಾಗ, ಉಳಿದರ್ಧ ತೂಗುವುದು. ಗಂಗಾವತಿಯ ಒಂದು ಓಣಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಮದುವೆಯಾಗಿ ಬಂದ ಹೊಸತರಲ್ಲೇ ಮಾವನವರು ನನ್ನನ್ನು ಗಲ್ಲಾದ ಮೇಲೆ ಕೂರಿಸಿ, ನೋಟು ಬಂದರೆ ಬೆಳಕಿಗೆ ಹಿಡಿಯಬೇಕು, ಬೇಳೆ ಬಂದರೆ ಹಲ್ಲಿಗೆ ಹಾಕಿ ನೋಡಬೇಕು, ಗಿರಾಕಿ ಬಂದರೆ ಮಾತಿಗಿಂತ ಮೊದಲು ಕಣ್ಣು ನೋಡಬೇಕು ಎಂದು ಹೇಳಿಕೊಟ್ಟಿದ್ದರು. ಅವರು ತೀರಿಕೊಂಡರು, ವಿದ್ಯೆ ನನ್ನಲ್ಲಿ ಉಳಿಯಿತು. ನನ್ನ ಗಂಡ ಹಾಗಲ್ಲ. ಯಾರು ಏನು ಹೇಳಿದರೂ ಹೌದೌದು ಎನ್ನುವ ಜೀವ. ನಾನೂ ಅವರಂತೆಯೇ ಆಗಿದ್ದರೆ ಅಂಗಡಿ ಎಂದೋ ಬಾಗಿಲು ಹಾಕಿಕೊಳ್ಳುತ್ತಿತ್ತು.

ಆ ವರ್ಷ ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ. ಭತ್ತ ಬರದಿದ್ದರೆ ನಮ್ಮ ಊರಿಗೆ ಮತ್ತೇನೂ ಬರುವುದಿಲ್ಲ. ಅಕ್ಕಿ ಗಿರಣಿಗಳ ಸದ್ದು ಅಡಗಿತು. ಲಾರಿಗಳು ರಸ್ತೆ ಬದಿಯಲ್ಲಿ ಟಾರ್ಪಾಲು ಹೊದ್ದು ನಿಂತವು, ಹಮಾಲರು ಚಹದಂಗಡಿಯ ಮುಂದೆ ಒಂದೇ ಕಪ್ಪು ಚಹಾ ಹಂಚಿಕೊಂಡು ಕೂತರು. ಟಿ.ವಿ.ಯಲ್ಲಿ ಒಬ್ಬ ಟೈ ಕಟ್ಟಿಕೊಂಡವನು ಆರ್ಥಿಕ ಹಿಂಜರಿತ ಎಂಬುದೆಲ್ಲ ಸುಳ್ಳು ಎಂದು ಕೈ ಬೀಸಿ ಹೇಳುತ್ತಿದ್ದ. ಅವನ ಕಿವಿ ಹಿಡಿದು ತಂದು ನಮ್ಮ ಕಪಾಟಿನ ಮುಂದೆ ನಿಲ್ಲಿಸಬೇಕು ಎನಿಸುತ್ತಿತ್ತು. ಮೇಲಿನ ಸಾಲಿನ ಒಳ್ಳೊಳ್ಳೆಯ ಪೊಟ್ಟಣಗಳ ಮೇಲೆ ಧೂಳು ಕೂತಿತ್ತು. ಕೆಳಗೆ ಗೋಣಿ ಚೀಲದಲ್ಲಿದ್ದ ಖುಲ್ಲಾ ಚಹಾಪುಡಿ, ಡಬ್ಬದಿಂದ ಸೌಟಿನಲ್ಲಿ ಅಳೆದು ಕೊಡುವ ಪಾಮ್ ಎಣ್ಣೆ, ಗಿರಣಿಯ ಜರಡಿಯಿಂದ ಉದುರಿದ ನುಚ್ಚಕ್ಕಿ, ಇವು ಮಾತ್ರ ಬಂದ ಹಾಗೇ ಖಾಲಿಯಾಗುತ್ತಿದ್ದವು.

ಅಗ್ಗದ ಮಾಲು ಒಯ್ಯುವುದು ತಪ್ಪಲ್ಲ. ಆದರೆ ಯಾರೂ ತಮಗಾಗಿ ಎಂದು ಒಯ್ಯುತ್ತಿರಲಿಲ್ಲ, ನನಗೆ ಸಿಟ್ಟು ಬರುತ್ತಿದ್ದುದು ಅದಕ್ಕೆ. ಖುಲ್ಲಾ ಚಹಾಪುಡಿ ಕೆಲಸದವಳಿಗಂತೆ. ಪಾಮ್ ಎಣ್ಣೆ ದೇವರ ದೀಪಕ್ಕಂತೆ. ಒಬ್ಬ ಹಿರಿಯರು ಬಂದು, ಆಚೀಚೆ ನೋಡಿ, "ನುಚ್ಚಕ್ಕಿ ಕೊಡವಾ, ಕೋಳಿಗೆ" ಅಂದರು. ಅವರ ಮನೆಯಲ್ಲಿ ಕೋಳಿ ಹೋಗಲಿ, ಮೊಟ್ಟೆಯ ಹೆಸರೂ ಎತ್ತುವುದಿಲ್ಲ. ನಾನು ಮುಖ ಗಂಭೀರ ಮಾಡಿಕೊಂಡು, "ಕೋಳಿ ಎಷ್ಟದಾವ್ರಿ ಅಪ್ಪಾರ?" ಎಂದು ಕೇಳಿದೆ. ಅವರು ಕೇಳಿಸದವರಂತೆ ಚೀಲ ತೆಗೆದುಕೊಂಡು ನಡೆದರು. ಒಳಗಿನಿಂದ ಗಂಡ ನನ್ನನ್ನು ಬೈದರು. ಇಡೀ ಓಣಿಯೇ ಒಂದು ಸುಳ್ಳು ಹೇಳುತ್ತಿದೆ, ನಾನೊಬ್ಬಳೇ ಗಲ್ಲಾದ ಮೇಲೆ ಕೂತು ಅದನ್ನು ನೋಡುತ್ತಿದ್ದೇನೆ ಎನಿಸುತ್ತಿತ್ತು.

ಆದರೂ ಎದುರು ಮನೆಯ ಅಕ್ಕನ ಮೇಲೆ ನನಗೆ ಅನುಮಾನ ಇರಲಿಲ್ಲ. ರಕ್ತ ಸಂಬಂಧವೇನೂ ಅಲ್ಲ, ಓಣಿಗೆಲ್ಲ ಅವಳು ಅಕ್ಕ. ನಾನು ಹೊಸ ಸೊಸೆಯಾಗಿ ಬಂದು ತವರು ನೆನೆಸಿಕೊಂಡು ಹಿತ್ತಲಲ್ಲಿ ಅಳುತ್ತಿದ್ದಾಗ ಓಣಿ ದಾಟಿ ಬಂದು ಬಿಸಿ ಜೋಳದ ಭಕ್ಕರಿ ಕೊಟ್ಟವಳು. ಅವಳ ಗಂಡ ಅಕ್ಕಿ ಗಿರಣಿಯಲ್ಲಿ ಮೇಸ್ತ್ರಿ. ಒಬ್ಬಳೇ ಮಗಳು, ಓದಿ ಖಾಸಗಿ ಶಾಲೆಯಲ್ಲಿ ಟೀಚರ್ ಆಗಿದ್ದಳು. ಊಟ ಬಟ್ಟೆಯಲ್ಲಿ ಆ ಮನೆಯವರದು ಒಂದು ಠೀವಿ. ಸೇಂಗಾ ಎಣ್ಣೆ, ಹಳೆಯ ಸೋನಾ ಮಸೂರಿ, ಕೆಂಪು ಪೊಟ್ಟಣದ ಚಹಾಪುಡಿ. ಇದರಲ್ಲಿ ಒಂದೂ ಆಚೀಚೆ ಆಗಬಾರದು.

ನಮ್ಮ ಅಂಗಡಿಯಲ್ಲಿ ಮಾವನವರ ಕಾಲದಿಂದ ನಡೆದುಬಂದ ಒಂದು ಪದ್ಧತಿ ಇದೆ. ಗಿರಾಕಿ ಬಂದು ನಿಂತರೆ ಸಾಕು, ಅವರು ಬಾಯಿ ತೆರೆಯುವ ಮೊದಲೇ ಅವರ ಮನೆಯ ಮಾಲು ಕಟ್ಟೆಯ ಮೇಲೆ ಇಟ್ಟಿರಬೇಕು. ಯಾರ ಮನೆಯ ಸಾಬೂನು ಯಾವುದು, ಯಾರ ಮನೆಯ ಬೇಳೆ ಯಾವುದು, ಎಲ್ಲ ನನ್ನ ತಲೆಯಲ್ಲೇ. ಹೊಸ ಬಡಾವಣೆಗೆ ಮನೆ ಬದಲಿಸಿದವರೂ ಅದಕ್ಕಾಗಿಯೇ ನಮ್ಮಲ್ಲಿಗೆ ಬರುತ್ತಿದ್ದರು. ಅಕ್ಕ ಮೆಟ್ಟಿಲು ಹತ್ತುವುದು ಕಂಡರೆ ನನ್ನ ಕೈ ತಾನಾಗಿ ಕೆಂಪು ಪೊಟ್ಟಣದ ಕಡೆಗೆ ಹೋಗುತ್ತಿತ್ತು.

ಆ ಅಕ್ಕ ಬರುವುದನ್ನು ಬಿಟ್ಟಳು. ಮೊದಲು ಎಣ್ಣೆ ನಿಂತಿತು, ಆಮೇಲೆ ಅಕ್ಕಿ, ಕೊನೆಗೆ ಚಹಾಪುಡಿಯೂ ನಿಂತಿತು. ಎದುರುಬದುರು ಮನೆ, ದಿನಾ ಮುಖ ನೋಡುವವರು. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ಏನಕ್ಕಾ, ಈ ಕಡೆ ಹಾದಿ ಮರತೀ ಏನ?"

"ಮನ್ಯಾಗ ಇನ್ನೂ ಐತೆವಾ. ತೀರಿದ ಮ್ಯಾಲ ಬರ್ತೀನಿ" ಎಂದು ಅವಳು ಕಸಬರಿಗೆ ಹಿಡಿದು ಒಳಗೆ ಹೋದಳು.

ಮೂರು ಮಂದಿಯ ಮನೆಯಲ್ಲಿ ಚಹಾಪುಡಿ ತಿಂಗಳುಗಟ್ಟಲೆ ತೀರದೆ ಇರುತ್ತದೆಯೇ? ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಬೈಪಾಸ್ ರಸ್ತೆಯಲ್ಲಿ ಅದೇ ಆಗ ಒಂದು ದೊಡ್ಡ ಮಾರ್ಟು ತೆರೆದಿದ್ದರು. ತಳ್ಳುಗಾಡಿ ಹಿಡಿದುಕೊಂಡು ಎ.ಸಿ.ಯಲ್ಲಿ ತಿರುಗಾಡಿ, ಒಂದಕ್ಕೆ ಒಂದು ಪುಕ್ಕಟೆ ಎಂದು ಬರೆದಿದ್ದನ್ನೆಲ್ಲ ತುಂಬಿಕೊಂಡು ಬರುವುದು ಊರಿಗೆ ಹೊಸ ಹುಚ್ಚಾಗಿತ್ತು. ಅಕ್ಕನೂ ಅಲ್ಲಿಗೇ ಹೋಗುತ್ತಿದ್ದಾಳೆ, ನನಗೆ ಮುಖ ತೋರಿಸಲಾರದೆ ಸುಳ್ಳು ಹೇಳುತ್ತಿದ್ದಾಳೆ ಎಂದು ಖಾತ್ರಿ ಮಾಡಿಕೊಂಡೆ.

ಒಂದು ಸಂಜೆ ಬೇಕೆಂದೇ ಅವಳ ಮನೆಗೆ ಹೋಗಿ ಕೂತೆ. ಅಡುಗೆಮನೆಯ ಮಾಡದಲ್ಲಿ ಕೆಂಪು ಪೊಟ್ಟಣ ಎದ್ದು ಕಾಣುವಂತೆ ನಿಂತಿತ್ತು. ಅವಳು ಚಹಾ ಮಾಡಿಕೊಟ್ಟಳು. ಒಂದು ಗುಟುಕಿಗೇ ಗೊತ್ತಾಯಿತು. ಬಣ್ಣ ಕಡುಗಪ್ಪು, ವಾಸನೆ ಸೊನ್ನೆ, ಗಂಟಲಲ್ಲಿ ಒಗರು. ಆ ಪೊಟ್ಟಣವನ್ನು ವರ್ಷಗಟ್ಟಲೆ ಮಾರಿದವಳು ನಾನು, ನನಗೆ ಗೊತ್ತಾಗುವುದಿಲ್ಲವೇ? ಮಾರ್ಟಿನವರು ಡುಪ್ಲಿಕೇಟ್ ಮಾಲು ಕೊಟ್ಟು ಟೋಪಿ ಹಾಕಿದ್ದಾರೆ, ಆಗಲಿ, ಚೆನ್ನಾಗಿ ಆಗಲಿ ಎಂದು ಒಳಗೊಳಗೇ ಖುಷಿಪಟ್ಟು ಲೋಟ ಖಾಲಿ ಮಾಡಿದೆ. ಮಾಳಿಗೆಯ ಮೇಲೆ ಹುಡುಗಿ ಫೋನಿನಲ್ಲಿ ಯಾರ ಜೊತೆಗೋ ಮೆಲ್ಲಗೆ ಮಾತಾಡಿ ನಗುತ್ತಿದ್ದಳು.

"ಕುಷ್ಟಗಿ ಹುಡುಗಾ" ಎಂದಳು ಅಕ್ಕ, ಕಣ್ಣಿನಲ್ಲೇ ಮೇಲೆ ತೋರಿಸಿ. "ನೋಡಿ ಹೋದ ಮ್ಯಾಲ ದಿನಾ ಫೋನ್ ಮಾಡ್ತಾನ. ಹುಡುಗಿಗೂ ಮನಸ ಐತಿ. ಇದೊಂದ ಕೂಡಿ ಬರಲೆವಾ, ನನಗ ಬ್ಯಾರೆ ಏನೂ ಬ್ಯಾಡ."

ಕುಷ್ಟಗಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವರ ಮನೆ. ಕೊಪ್ಪಳದಲ್ಲಿದ್ದ, ಎರಡೂ ಕಡೆಗೆ ಬೇಕಾದ ಹಿರಿಯರೊಬ್ಬರು ನಡುವೆ ನಿಂತಿದ್ದರು. ಜಾತಕ ನೋಡಿ ಸಾಲಾವಳಿ ಕೂಡಿತ್ತು, ಕನ್ಯೆ ನೋಡುವುದು ಮುಗಿದಿತ್ತು, ಹುಡುಗ ಹುಡುಗಿ ಒಪ್ಪಿದ್ದರು. ಇದನ್ನು ಹೇಳುವಾಗ ಅಕ್ಕನ ಮುಖ ಬೆಳಗುತ್ತಿತ್ತು. ನನಗೂ ಸಂತೋಷವೇ ಆಯಿತು. ಆದರೆ ಚಹಾದ ಒಗರು ನಾಲಗೆಯ ಮೇಲೆ ಹಾಗೇ ಇತ್ತು.

ಇಷ್ಟಕ್ಕೆ ಬಿಟ್ಟಿದ್ದರೆ ನಾನು ನಾನೇ ಅಲ್ಲ. ಅಷ್ಟರಲ್ಲಿ ಅಕ್ಕನಿಗೆ ಭಕ್ತಿ ಹುಟ್ಟಿಕೊಂಡಿತು. ಶನಿವಾರ ಬಂತೆಂದರೆ ಬೆಳಿಗ್ಗೆಯೇ ಮಿಂದು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ಹನುಮಪ್ಪನ ಅಂಜನಾದ್ರಿ ಬೆಟ್ಟಕ್ಕೆ ಹೊರಡುತ್ತಿದ್ದಳು. ಮಗಳ ಮದುವೆಗಾಗಿ ಹರಕೆ ಹೊತ್ತಿದ್ದಾಳೆ ಎಂದು ಓಣಿಯ ಹೆಂಗಸರೆಲ್ಲ ಕೈ ಮುಗಿದರು. ನಾನು ಮುಗಿಯಲಿಲ್ಲ. ಮೊಣಕಾಲು ನೋವೆಂದು ನಮ್ಮ ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಗೋಡೆ ಹಿಡಿಯುವವಳು ಅಷ್ಟು ದೊಡ್ಡ ಬೆಟ್ಟ ವಾರವಾರ ಹತ್ತಿ ಇಳಿಯುತ್ತಾಳಂತೆ! ಹೋಗುವಾಗ ಮಡಿಸಿದ ಚೀಲ, ಬರುವಾಗ ಭಾರದ ಚೀಲ. ಯಾವ ದೇವರು ಅಷ್ಟು ತೂಕದ ಪ್ರಸಾದ ಕೊಡುತ್ತಾನೆ?

"ಹಣಮಪ್ಪನ ಮ್ಯಾಲೂ ಅನುಮಾನೇನ ನಿಂದು?" ಎಂದು ಗಂಡ ಕೇಳಿದರು.

"ಹಣಮಪ್ಪನ ಮ್ಯಾಲಲ್ರಿ, ಅಕ್ಕನ ಮೊಣಕಾಲ ಮ್ಯಾಲ" ಅಂದೆ. ಮುಂದಿನ ಶನಿವಾರ ಅವರನ್ನು ಗಲ್ಲಾದ ಮೇಲೆ ಕೂರಿಸಿ, ಅಕ್ಕ ಹತ್ತಿದ ಟಂಟಂ ಆಟೋದ ಹಿಂದಿನ ಟಂಟಂ ಹಿಡಿದೆ.

ಬೆಟ್ಟದ ಬುಡದ ಹನುಮನಹಳ್ಳಿಯಲ್ಲಿ ಜನವೋ ಜನ. ಕೇಸರಿ ಶಾಲಿನ ಹುಡುಗರು, ಬಾಡಿಗೆ ಬೈಕಿನ ಪ್ರವಾಸಿಗರು, ತೆಂಗಿನಕಾಯಿ ಮಾರುವವರು. ಅಕ್ಕ ಕೆಳಗಿಳಿದು ಬೆಟ್ಟದ ಕಡೆ ಮುಖ ಮಾಡಿ ಎರಡೂ ಕೈ ಎತ್ತಿ ಮುಗಿದಳು. ಅಲ್ಲಿಗೆ ಅವಳ ಭಕ್ತಿ ಮುಗಿಯಿತು. ತಿರುಗಿ, ಗದ್ದೆಯ ಕಡೆಗೆ ಹೋಗುವ ಸಣ್ಣ ಓಣಿ ಹೊಕ್ಕಳು. ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಹಿಂದೆ ನಡೆದೆ. ಅಲ್ಲಿ ತಗಡಿನ ಚಪ್ಪರದ ಒಂದು ಅಂಗಡಿ, ಗದ್ದೆಯ ಕೂಲಿಯವರು ಸಾಮಾನು ಕೊಳ್ಳುವಂಥದ್ದು. ಅಕ್ಕ ಚೀಲದಿಂದ ಒಂದು ಪ್ಲಾಸ್ಟಿಕ್ ಕ್ಯಾನು ತೆಗೆದು ಪಾಮ್ ಎಣ್ಣೆ ಹಾಕಿಸಿದಳು. ಖುಲ್ಲಾ ಚಹಾಪುಡಿ ಕಟ್ಟಿಸಿದಳು. ಆಮೇಲೆ ನುಚ್ಚಕ್ಕಿಯ ಚೀಲಕ್ಕೆ ಕೈ ಹಾಕಿ, ಬೊಗಸೆಯಲ್ಲಿ ತೆಗೆದು, ಕಲ್ಲಿದೆಯೇ ಎಂದು ನೋಡತೊಡಗಿದಳು. ನಮ್ಮ ಅಂಗಡಿಯಲ್ಲಿ ಸೋನಾ ಮಸೂರಿಯನ್ನೂ ಹೀಗೇ ನೋಡುತ್ತಿದ್ದಳು.

"ಅಕ್ಕಾ" ಅಂದೆ.

ಅವಳು ಬೊಗಸೆಯ ನುಚ್ಚನ್ನು ಮೆಲ್ಲಗೆ ಚೀಲಕ್ಕೆ ಸುರಿದಳು. ತಿರುಗಿ ನೋಡಲು ಹೊತ್ತು ಹಿಡಿಯಿತು. ನೋಡಿದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಬಿಟ್ಟು, ಅವಳ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಚಪ್ಪರದ ಹಿಂದೆ, ಗದ್ದೆಯ ಬದುವಿನ ಮೇಲೆ ಇಬ್ಬರೂ ಕೂತೆವು. ಗಿರಣಿಯಲ್ಲಿ ಅವಳ ಗಂಡನಿಗೆ ವಾರದಲ್ಲಿ ಒಂದೆರಡು ದಿನ ಮಾತ್ರ ಕೆಲಸ, ಮನೆ ನಡೆಯುತ್ತಿರುವುದು ಮಗಳ ಸಂಬಳದಲ್ಲಿ ಎಂದು ಆಗ ತಿಳಿಯಿತು.

"ಅದಕ್ಕ ಇಷ್ಟ ದೂರ ಬರಬೇಕೇನ? ನನ್ನ ಅಂಗಡಿಯಾಗ ನುಚ್ಚಕ್ಕಿ ಇಲ್ಲೇನ? ನಾ ಏನ್ ನಿನಗ ಮಂದಿ ಆಗೀನೇನ?" ಅಂದೆ.

"ನಿನ್ನ ಅಂಗಡಿಗೆ ಹೆಂಗ ಬರ್ಲೆ? ನಾ ಬಂದ ನಿಲ್ಲೂದರಾಗ ಆ ಕೆಂಪ ಪಾಕೀಟ ತಂದ ಮುಂದ ಇಡ್ತಿ. ಹಿಂದ ನಾಕ ಮಂದಿ ನಿಂತಿರ್ತಾರ. ಅವರ ಮುಂದ ಅದ ಬ್ಯಾಡ, ಇದ ಕೊಡು ಅಂತ ಹೆಂಗ ಅನ್ಲಿ?"

ನಮ್ಮ ಅಂಗಡಿಯ ಹೆಮ್ಮೆ ಎಂದುಕೊಂಡಿದ್ದೇ ಅವಳನ್ನು ಮೆಟ್ಟಿಲು ಹತ್ತದಂತೆ ಮಾಡಿತ್ತು. ಅವಳು ಸೆರಗಿನ ತುದಿ ಸುತ್ತುತ್ತಾ ಮುಂದುವರಿಸಿದಳು.

"ಮತ್ತ ಕುಷ್ಟಗಿಯವ್ರು ಇನ್ನ ವಿಚಾರ ಮಾಡಾಕ ಬರ್ತಾರ. ಎಲ್ಲಿ ಬರ್ತಾರ? ನಿನ್ನ ಹಂತೇಕ ಬರ್ತಾರ. ನಿನಗ ಸುಳ್ಳ ಹೇಳಾಕ ಬರಂಗಿಲ್ಲ, ಮಾರೀನ ಹೇಳಿಬಿಡತೈತಿ. ಅದಕ್ಕ ನಿನಗ ಗೊತ್ತಾಗೂದ ಬ್ಯಾಡಂತ ಮಾಡಿದ್ದೆ. ಗೊತ್ತಿಲ್ಲಂದ್ರ ಖರೇನ ಹೇಳಿದಂಗ ಆಕ್ಕೈತಿ, ಆ ಮನಿಯವ್ರು ಛಲೋ ಮಾಲ ಒಯ್ತಿದ್ರು ಅಂತ."

ನಮ್ಮ ಕಡೆ ಸಂಬಂಧ ಮಾಡುವವರು ಕೊನೆಯ ಮಾತು ಆಡುವ ಮೊದಲು ಆ ಮನೆಯ ಹತ್ತಿರದ ಕಿರಾಣಿ ಅಂಗಡಿಗೆ ಸುಮ್ಮನೆ ಬಂದು ಹೋಗುತ್ತಾರೆ. ನೆಂಟರು ಹೊಗಳುತ್ತಾರೆ, ಆಗದವರು ತೆಗಳುತ್ತಾರೆ. ಅಂಗಡಿಯವರಿಗೆ ಮಾತ್ರ ಆ ಮನೆಯ ಒಲೆಯ ಮೇಲೆ ಏನು ಬೇಯುತ್ತದೆ ಎಂಬುದು ಗೊತ್ತಿರುತ್ತದೆ ಎಂದು ನಂಬಿಕೆ. ಹಾಗೆ ಬಂದವರಿಗೆ ನಾನೂ ಎಷ್ಟೋ ಮನೆಗಳ ಬಗ್ಗೆ ಇದ್ದದ್ದು ಇದ್ದಂತೆ ಹೇಳಿ ಕಳಿಸಿದ್ದೇನೆ. ಅಕ್ಕನ ಲೆಕ್ಕಾಚಾರ ಈಗ ತಿಳಿಯಿತು. ವಾರವಾರ ಮೊಣಕಾಲು ಎಳೆದುಕೊಂಡು ಅವಳು ಇಲ್ಲಿಗೆ ಬಂದಿದ್ದು ನನ್ನ ನಾಲಗೆಯನ್ನು ಕಾಪಾಡಲಿಕ್ಕೆ. ಈಗ ನಾನು ಹಿಂದೆ ಬಿದ್ದು ಬಂದು ಅದನ್ನೂ ಕೆಡಿಸಿದ್ದೆ.

"ನನಗ ಸುಳ್ಳ ಹೇಳಾಕ ಬರಂಗಿಲ್ಲ ಅಂತಿಯೇನ? ಬರಲಿ ಅವರು, ತೋರಿಸ್ತೀನಿ" ಅಂದೆ. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. ಬರುವಾಗ ಒಂದೇ ಟಂಟಂನಲ್ಲಿ ಬಂದೆವು. ಓಣಿಯ ಮೂಲೆಯಲ್ಲಿ ಅವಳು ಮೊದಲು ಇಳಿದು ಹೋದಳು, ನಾನು ಸ್ವಲ್ಪ ಹೊತ್ತು ಬಿಟ್ಟು ಹಿಂದೆ ನಡೆದೆ.

ಕೆಲವು ದಿನಗಳ ನಂತರ, ಓಣಿ ಖಾಲಿ ಇದ್ದ ಮಧ್ಯಾಹ್ನದಲ್ಲಿ, ಇಬ್ಬರು ಹೆಂಗಸರು ಬಂದು ಕರ್ಪೂರ ಕೇಳಿದರು. ಒಬ್ಬಾಕೆ ನಡುವಯಸ್ಸಿನವಳು, ಇನ್ನೊಬ್ಬಳು ಇನ್ನಷ್ಟು ಹಿರಿಯಳು. ಕರ್ಪೂರ ಕೊಟ್ಟೆ. ಕಣ್ಣು ನೋಡಿದೆ. ಆ ಕಣ್ಣುಗಳು ಕರ್ಪೂರದ ಮೇಲೆ ಇರಲಿಲ್ಲ, ಎದುರು ಮನೆಯ ಬಾಗಿಲ ಮೇಲಿದ್ದವು. ಕುಷ್ಟಗಿಯವರು ಬಂದರಪ್ಪಾ ಎಂದುಕೊಂಡು ಸೆರಗು ಸರಿಮಾಡಿಕೊಂಡೆ.

"ಎದುರಿನ ಮನಿಯವ್ರು ನಿಮ್ಮಲ್ಲೇ ಸಾಮಾನ ಒಯ್ತಾರೇನ್ರಿ ಅಕ್ಕಾರ?" ನಡುವಯಸ್ಸಿನವಳು ಸಹಜವೆಂಬಂತೆ ಕೇಳಿದಳು.

"ಮತ್ತೆಲ್ಲಿ ಒಯ್ತಾರ್ರಿ?" ಎಂದು ಶುರುಮಾಡಿದೆ. ಶುರುಮಾಡಿದ ಮೇಲೆ ನನ್ನನ್ನು ಹಿಡಿಯುವವರು ಯಾರು? ಸೇಂಗಾ ಎಣ್ಣೆ ಬಿಟ್ಟು ಬೇರೆ ಎಣ್ಣೆಯ ವಾಸನೆ ಆ ಮನೆಗೆ ಆಗದು ಅಂದೆ. ಹಳೆಯ ಸೋನಾ ಮಸೂರಿಯಲ್ಲೂ ಒಂದು ನುಚ್ಚು ಸಿಕ್ಕರೆ ಚೀಲವನ್ನೇ ತಿರುಗಿಸಿ ಕಳಿಸುತ್ತಾರೆ ಅಂದೆ. ಹಬ್ಬವಿರಲಿ ಬಿಡಲಿ ಗೋಡಂಬಿ, ಒಣದ್ರಾಕ್ಷಿ, ಏಲಕ್ಕಿ ತಪ್ಪುವುದಿಲ್ಲ ಅಂದೆ. ಅಕ್ಕ ಯಾವ ಹಬ್ಬದಲ್ಲೂ ಕಂಡಿರದ ಬಾದಾಮಿಯನ್ನೂ ಸೇರಿಸಿದೆ. ನನ್ನ ಮುಖ ಒಂದಿಷ್ಟೂ ಅಲುಗಲಿಲ್ಲ. ಸುಳ್ಳು ಇಷ್ಟು ಸಲೀಸಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

"ಹುಡುಗೀನೂ ಹಂಗೇನ್ರಿ?" ಎಂದು ಹಿರಿಯಾಕೆ ಕೇಳಿದಳು.

"ಒಬ್ಬಾಕಿ ಮಗಳಲ್ರೀ? ರಾಣಿ ಹಂಗ ಸಾಕ್ಯಾರ. ಸಾಬೂನ ಸೈತ ಬ್ಯಾರೇದ, ಒಂದನೇ ನಂಬರಿಂದು. ಅದರ ಬದ್ಲಿ ಬ್ಯಾರೆ ಕೊಟ್ರ ಮುಟ್ಟಂಗಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೆರಗಾಗಿದ್ದಾರೆ ಎಂದುಕೊಂಡೆ. ನಡುವಯಸ್ಸಿನವಳ ದೃಷ್ಟಿ ಕೆಳಗಿದ್ದ ಖುಲ್ಲಾ ಚಹಾಪುಡಿಯ ಚೀಲದ ಮೇಲೆ ಒಂದು ಗಳಿಗೆ ನಿಂತಿತು. ಏನೋ ಕೇಳಲು ಬಾಯಿ ತೆರೆದು ಮತ್ತೆ ಮುಚ್ಚಿದಳು. ಅವಳ ಬ್ಲೌಸಿನ ತೋಳಿನಲ್ಲಿ ನೀಟಾಗಿ ಹಾಕಿದ ತೇಪೆ ಇತ್ತು. ಬಟ್ಟೆ ಅಂಗಡಿಯವರ ಮನೆಯಾಕೆ ತೇಪೆ ಹಾಕಿದ ಬ್ಲೌಸು ತೊಡುತ್ತಾಳೆ, ಎಂಥ ಜಿಪುಣಿ ಇರಬೇಕು, ಪಾಪ ನಮ್ಮ ಹುಡುಗಿ ಎಂದು ಮರುಗಿದೆ. ಅವರು ಹೋದ ಮೇಲೆ ಓಡಿಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಬಾದಾಮಿಯ ಮಾತು ಬಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಕೊಪ್ಪಳದ ಹಿರಿಯರು ಬಂದಿದ್ದು ಅದಾಗಿ ವಾರದ ಹೊತ್ತಿಗೆ. ಅಕ್ಕನ ಪಡಸಾಲೆಯಲ್ಲಿ ಕೂತು ನೀರು ಕುಡಿದು, ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡು, "ಸಾಲಾವಳಿ ಕೂಡಿ ಬರವಲ್ದಂತ ತಂಗಿ. ಅವರು ಬ್ಯಾಡಂತಾರ" ಎಂದರು. ಹುಡುಗಿ ಒಳಗಿನ ಕೋಣೆಯಲ್ಲಿ ಶಾಲೆಯ ಪೇಪರು ತಿದ್ದುತ್ತಿದ್ದಳು. ಪೆನ್ನು ಕೆಳಗಿಟ್ಟ ಸದ್ದು ಪಡಸಾಲೆಗೆ ಕೇಳಿಸಿತು. ಹುಡುಗನ ಫೋನೂ ಅಂದಿನಿಂದ ನಿಂತುಹೋಯಿತು. ಹುಡುಗಿ ಅಳಲಿಲ್ಲ, ಎಂದಿನಂತೆ ಶಾಲೆಗೆ ಹೋಗಿ ಬರುತ್ತಿದ್ದಳು. ಊಟಕ್ಕೆ ಕೂತರೆ ಮಾತ್ರ ತಟ್ಟೆಯಲ್ಲಿ ಬೆರಳಾಡಿಸಿ ಏಳುತ್ತಿದ್ದಳಂತೆ. ಅಕ್ಕ ಅದನ್ನು ಹೇಳಿಕೊಂಡು ಅತ್ತಳು.

ಸಾಲಾವಳಿಯಂತೆ! ಯಾವ ಊರಲ್ಲಿ ಕನ್ಯೆ ನೋಡಿ, ಫೋನಿನಲ್ಲಿ ಮಾತಾಡಿ, ವಿಚಾರ ಮಾಡಿದ ಮೇಲೆ ಸಾಲಾವಳಿ ನೋಡುತ್ತಾರೆ? ಅದು ಎಲ್ಲಕ್ಕಿಂತ ಮೊದಲೇ ಕೂಡಿಯಾಗಿತ್ತು. ಇದರಲ್ಲಿ ಏನೋ ಇದೆ, ಹುಡುಗನಿಗೆ ಕುಡಿತವೋ, ಬೇರೆ ಎಲ್ಲಾದರೂ ಸಂಬಂಧವೋ, ಹೆಚ್ಚು ವರದಕ್ಷಿಣೆಯ ಆಸೆಯೋ ಎಂದು ನಾನು ಗಂಡನ ತಲೆ ತಿಂದೆ. ಆ ಮನೆಯ ಹುಳುಕು ಹುಡುಕಿ ತಂದು ಅಕ್ಕನ ಮುಂದೆ ಹಾಕಿದರೆ, ತಪ್ಪಿದ್ದೇ ಒಳ್ಳೆಯದಾಯಿತು ಎಂದು ಅವಳಿಗೂ ಹುಡುಗಿಗೂ ಸಮಾಧಾನ ಆಗುತ್ತದೆ. ಹಾಗೆ ಅಂದುಕೊಂಡು ಅಕ್ಕನಿಗೆ ಹೇಳಿ ಕುಷ್ಟಗಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಾಚೆ ಬಯಲು ನೋಡುತ್ತಾ ಆ ಹೆಂಗಸಿನ ತೇಪೆಯನ್ನೇ ನೆನೆಯುತ್ತಿದ್ದೆ.

ಕುಷ್ಟಗಿಯಲ್ಲಿ ಅವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಮನೆಯ ಹತ್ತಿರವೇ ಒಂದು ಕಿರಾಣಿ ಅಂಗಡಿ, ಹೆಚ್ಚೂಕಡಿಮೆ ನಮ್ಮದರ ಹಾಗೇ. ಗಲ್ಲಾದ ಮೇಲೆ ನನ್ನ ವಯಸ್ಸಿನವರೊಬ್ಬರು ಕೂತಿದ್ದರು. ನಾನೂ ಕರ್ಪೂರವನ್ನೇ ಕೇಳಿದೆ.

"ಆ ಬಟ್ಟಿ ಅಂಗಡಿಯವ್ರ ಮನಿಗೆ ಸಾಮಾನ ನಿಮ್ಮಲ್ಲಿಂದನ ಹೋಗತೈತೇನ್ರಿ ಅಣ್ಣಾರ?"

"ಹೌದ್ರಿ ಅಕ್ಕಾರ. ಒಂದನೇ ನಂಬರ್ ಮಾಲ. ಸೇಂಗಾ ಎಣ್ಣಿ, ಛಲೋ ಅಕ್ಕಿ, ತುಪ್ಪಾ, ಗೋಡಂಬಿ. ಭಾಳ ದೊಡ್ಡ ಮನಿ."

ಖರೆ ಹೇಳುವ ಅಂಗಡಿಯವರು ನೆನಪು ಮಾಡಿಕೊಳ್ಳುತ್ತಾರೆ, ಹೇಳುವಾಗ ಕಣ್ಣು ಕಪಾಟಿನ ಕಡೆ ಹೋಗುತ್ತದೆ. ಇವರ ಕಣ್ಣು ನನ್ನ ಮುಖ ಬಿಟ್ಟು ಅಲುಗಿರಲಿಲ್ಲ. ಮಾತು ಮೊದಲೇ ಬಾಯಲ್ಲಿ ತಯಾರಿತ್ತು. ಗೋಡಂಬಿಯ ಡಬ್ಬಿ ಅವರ ಕಪಾಟಿನಲ್ಲೂ ಮೇಲಿನ ಸಾಲಿನಲ್ಲಿ ಧೂಳು ಹಿಡಿದು ಕೂತಿತ್ತು.

"ಅಣ್ಣಾರ, ನಾನೂ ಗಲ್ಲಾದ ಮ್ಯಾಲ ಕುಂಡ್ರಾಕಿನ. ಗಂಗಾವತಿ. ಖರೇ ಹೇಳ್ರಿ" ಅಂದೆ.

ಅವರು ಕರ್ಪೂರದ ಪೊಟ್ಟಣ ಕೆಳಗಿಟ್ಟರು. "ಹುಡುಗಿ ಮನಿ ಎದುರಿನ ಅಂಗಡಿಯವ್ರು ನೀವೇನ್ರಿ?" ಎಂದು ಕೇಳಿ, ನಾನು ತಲೆಯಾಡಿಸಿದಾಗ, ಸ್ಟೂಲು ಎಳೆದು ಕೂರಿ ಎಂದರು.

ಆ ಬಟ್ಟೆ ಅಂಗಡಿಗೆ ಗಿರಾಕಿ ಬರದೆ ವರ್ಷವಾಗಿತ್ತಂತೆ. ಬಂದವರೂ ಆಹೇರಿಗೆ, ಅಂದರೆ ಮದುವೆಯಲ್ಲಿ ನೆಂಟರಿಗೆ ಕೊಡಲು, ಎಲ್ಲಕ್ಕಿಂತ ಅಗ್ಗದ ಸೀರೆ ಕೇಳಿ ಹೋಗುತ್ತಿದ್ದರಂತೆ. ಅಂಗಡಿಯ ಅರ್ಧ ಭಾಗ ಬೇರೆಯವರಿಗೆ ಬಾಡಿಗೆಗೆ ಹೋಗಿತ್ತು. ಮನೆಯಲ್ಲಿ ನುಚ್ಚಕ್ಕಿ, ಖುಲ್ಲಾ ಚಹಾಪುಡಿ, ಪಾಮ್ ಎಣ್ಣೆ. ಅದನ್ನೂ ಹುಡುಗ ಕತ್ತಲಾದ ಮೇಲೆ ಹಿಂದಿನ ಬಾಗಿಲಿಂದ ಬಂದು ಒಯ್ಯುತ್ತಿದ್ದ.

"ಹುಡುಗಂದು ತಪ್ಪಿಲ್ರಿ" ಎಂದರು ಅವರು. "ನಿಮ್ಮ ಕಡಿಂದ ಬಂದ ಮ್ಯಾಲ ಅವರವ್ವ ಈ ಸ್ಟೂಲಿನ ಮ್ಯಾಲನ ಕುಂತ ಅತ್ಲು. ಅಂಥಾ ರಾಣಿ ಹಂಗ ಬೆಳದ ಹುಡುಗಿಗೆ ನಾವ ಏನ್ ಉಣಸೋಣು, ನುಚ್ಚ ನೀಡಿದ್ರ ಹುಡುಗಿ ಕಣ್ಣಾಗ ನೀರ ತರಂಗಿಲ್ಲೇನು ಅಂದ್ಲು. ಸಾಲಾವಳಿ ನೆವಾ ಹೇಳಿ ಬಿಟ್ಟಬಿಡ್ರಿ ಅಂತ ನಾನ ಹೇಳಿದ್ದು."

ಎದ್ದು ನಿಂತು, ಈಗಲೇ ಆ ಮನೆಗೆ ಹೋಗೋಣ, ಆ ಹುಡುಗಿ ನುಚ್ಚನ್ನೇ ಉಣ್ಣುತ್ತಾಳೆ, ನಾನು ಹೇಳಿದ್ದೆಲ್ಲ ಸುಳ್ಳು, ಅವರ ಕಾಲು ಹಿಡಿದು ಹೇಳುತ್ತೇನೆ ಎಂದೆ. ಅವರು ಕೂತಲ್ಲಿಂದ ಏಳಲಿಲ್ಲ.

"ತಡಾ ಆತ್ರಿ ಅಕ್ಕಾರ. ಹುಡುಗಂದು ನಿನ್ನಿ ನಿಶ್ಚಯ ಆಗಿಹೋತು. ಯಲಬುರ್ಗಾ ಕಡೇ ಹುಡುಗಿ. ಅಲ್ಲಿ ಅಂಗಡಿಯವ ಖರೇ ಹೇಳಿದ್ನಂತ, ನುಚ್ಚ ಒಯ್ತಾರ, ಆದ್ರ ಮಂದಿ ಛಲೋ ಅದಾರ ಅಂತ. ಅದನ್ನ ಕೇಳಿ ಇವರಿಗೆ ಜೀವಕ್ಕ ಹಗರ ಆತು."

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕನಿಗೆ ಏನು ಹೇಳಲಿ ಎಂದು ಯೋಚಿಸಿದೆ. ಹುಡುಗ ಕುಡುಕ ಎಂದುಬಿಡಬಹುದಿತ್ತು. ನನಗೆ ಸುಳ್ಳು ಚೆನ್ನಾಗಿ ಬರುತ್ತದೆ ಎಂದು ಈಗ ಗೊತ್ತಿತ್ತು. ಅವಳು ನಂಬುತ್ತಿದ್ದಳು, ಪಾರಾದೆವು ಎನ್ನುತ್ತಿದ್ದಳು. ಗಂಗಾವತಿ ಹತ್ತಿರ ಬರುವವರೆಗೂ ಅದನ್ನೇ ಹೇಳುವುದೆಂದು ಗಟ್ಟಿಮಾಡಿಕೊಂಡಿದ್ದೆ.

ಅಕ್ಕ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ. ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ, ಬಾದಾಮಿಯಿಂದ ಹಿಡಿದು ಯಲಬುರ್ಗಾದವರೆಗೆ. ಬೈಯುತ್ತಾಳೆ, ಬೈಯಲಿ ಎಂದು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ. ತನ್ನ ಮನೆಯ ಬಾಗಿಲ ಕಡೆ ನೋಡುತ್ತಾ ಕೇಳಿದಳು.

"ಅವರೂ ನುಚ್ಚಕ್ಕಿನ ಉಣ್ತಾರೇನ?"

"ಹೂಂ ಅಕ್ಕಾ."

"ನಮ್ಮಂಗನ?"

"ನಿಮ್ಮಂಗನ."

"ಹಂಗಾರ ನಮ್ಮ ಹುಡುಗಿ ಅಲ್ಲಿ ಛಲೋತ್ನಂಗ ಬಾಳೇವು ಮಾಡ್ತಿದ್ಲಲ್ಲವಾ" ಎಂದಳು ಅಕ್ಕ.

ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ಬಂದು ನಿಂತಿದ್ದರು. ಗಂಡ ಒಳಗಿನಿಂದ ನನ್ನನ್ನು ಕರೆದರು. ನಾನು ಏಳಲಿಲ್ಲ.